ವಿಷ್ಣುಕ್ರಾಂತಿಯ ಗುರುತು: ಬೀದರ, ಭಾಲ್ಕಿ, ಔರಾದ ಪ್ರಾಂತದ ಒಂದು ಕಿರುಹೂವಿನ ವಿಚಾರ

ಬೀದರ ಪ್ರಾಂತದ ಕಲ್ಲುಭೂಮಿಯಲ್ಲಿ ಮಳೆಗಾಲವು ಬಲಿತ ಮೇಲೆ ನೆಲಕ್ಕೆ ಹತ್ತಿಕೊಂಡು ಅರಳುವ ತಿಳಿನೀಲಿಯ ಒಂದು ಕಿರುಹೂವುಂಟು. ಅದರ ಅಗಲವು ಅರ್ಧ ಅಂಗುಲವನ್ನೂ ಮುಟ್ಟದು. ನಿಂತು ನೋಡುವವನಿಗೆ ಕಾಣದು. ಕುಳಿತವನಿಗೆ ಮಾತ್ರ ಕಾಣುವುದು. ಜನರು ಇದನ್ನು ವಿಷ್ಣುಕ್ರಾಂತಿಯೆಂದೂ ವಿಷ್ಣುಕಾಂತಿಯೆಂದೂ ಕರೆಯುತ್ತಾರೆ. ಸಂಸ್ಕೃತ ಕೋಶಗಳಲ್ಲಿಯೂ ವಿಷ್ಣುಕ್ರಾಂತಾ ಎಂಬ ಶಬ್ದವುಂಟಷ್ಟೆ. ಕೋಶದಲ್ಲಿರುವ ವಿಷ್ಣುಕ್ರಾಂತೆಯೂ ನಮ್ಮ ಗುಡ್ಡದ ಇಳಿಜಾರಿನ ವಿಷ್ಣುಕ್ರಾಂತಿಯೂ ಒಂದೆಯೋ ಬೇರೆಯೋ ಎಂಬುದೇ ಈ ಲೇಖನದ ವಿಷಯ.

ಇಷ್ಟು ಸಣ್ಣ ಹೂವಿಗೆ ಇಷ್ಟು ದೊಡ್ಡ ವಿಚಾರವೇಕೆಂದು ಕೇಳುವವರಿಗೆ ಎರಡು ಕಾರಣಗಳನ್ನು ಹೇಳಬಹುದು. ಭಾದ್ರಪದ ಶುದ್ಧ ಚತುರ್ಥಿಯ ಗಣಪತಿಪೂಜೆಯಲ್ಲಿ ಅರ್ಪಿಸುವ ಇಪ್ಪತ್ತೊಂದು ಪತ್ರಗಳಲ್ಲಿ ವಿಷ್ಣುಕ್ರಾಂತಪತ್ರವೂ ಒಂದು. ಅಂದು ಪೂಜೆಯ ತಟ್ಟೆಯಲ್ಲಿ ಯಾವ ಎಲೆ ಬರಬೇಕೆಂಬುದು ಮನೆಮನೆಯ ಪ್ರಶ್ನೆ. ಎರಡನೆಯದು ಇದಕ್ಕಿಂತ ಗುರುವಾದುದು. ಇದೇ ಗಿಡವನ್ನು ಶಂಖಪುಷ್ಪಿಯೆಂಬ ಹೆಸರಿನಿಂದ ಔಷಧಕ್ಕಾಗಿ ಕೀಳುವರು, ಒಣಗಿಸುವರು, ಮಾರುವರು, ಮಕ್ಕಳಿಗೆ ಕುಡಿಸುವರು. ಹೆಸರಿನ ಗೊಂದಲವು ಹೊಟ್ಟೆಯೊಳಕ್ಕೆ ಇಳಿದ ಮೇಲೆ ಅದು ಬರಿಯ ಶಬ್ದವಿಚಾರವಾಗಿ ಉಳಿಯುವುದಿಲ್ಲ.

ಮೊದಲು ಭೂಮಿಯ ಮಾತು. ಬೀದರ ನಗರವು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೆ ಮೇಲ್ಪಟ್ಟ ಒಂದು ಚಪ್ಪಟೆಯ ದಿಣ್ಣೆಯ ಮೇಲಿದೆ. ಆ ದಿಣ್ಣೆಯ ತಲೆಯೆಲ್ಲ ಕೆಂಪು ಜಂಬಿಟ್ಟಿಗೆ ಕಲ್ಲು; ಕೆಳಗೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ಗಟ್ಟಿಯಾಗಿ ಆದ ಕರಿಗಲ್ಲಿನ ಪದರಗಳು. ಬುಕಾನನ್ನನು ೧೮೦೭ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಈ ಜಾತಿಯ ಕಲ್ಲಿಗೆ ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. ನಮ್ಮ ಕನ್ನಡದ ಜಂಬಿಟ್ಟಿಗೆಯೆಂಬ ಮಾತಿನಲ್ಲಿಯೂ ಇಟ್ಟಿಗೆಯೇ ಕುಳಿತಿರುವುದು ನೋಡತಕ್ಕ ವಿಷಯ. ಈ ಕಲ್ಲು ಜೇನುಹಲ್ಲೆಯಂತೆ ತೂತುತೂತಾದುದರಿಂದ ಮಳೆಯ ನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಪದರವನ್ನು ಮುಟ್ಟಿ, ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಹೊರಡುತ್ತದೆ. ಪಾಪನಾಶ, ನಾನಕಝರಾ, ಝರಣಿ ನರಸಿಂಹ ಇವುಗಳ ನೀರೆಲ್ಲ ಹೀಗೆ ಹುಟ್ಟಿದುದೇ. ಆದುದರಿಂದ ಅಂಚಿನ ಬುಡದಲ್ಲಿ ತಂಪಿದ್ದರೂ ಅಂಚಿನ ಹೆಗಲು ಮಳೆ ನಿಂತ ಎರಡು ದಿನಗಳಲ್ಲಿ ಒಣಗಿ ಬಿರುಸಾಗುವುದು. ಗರಸು ತುಂಬಿದ ಆ ಒಣ ಹೆಗಲೇ ನಮ್ಮ ಹೂವಿನ ನೆಲೆ. ಝರಿಯ ಹತ್ತಿರ ಹುಡುಕಿದರೆ ಅದು ಸಿಕ್ಕುವುದಿಲ್ಲ. ಝರಿಗೆ ಇಳಿಯುವ ದಾರಿಯ ಮೇಲ್ಗಡೆ ಸಿಕ್ಕುತ್ತದೆ.

ಭಾಲ್ಕಿಯ ಸೀಮೆಯಲ್ಲಿ ಎರೆಭೂಮಿಯೇ ಹೆಚ್ಚು. ಎರೆಮಣ್ಣಿನ ಹೊಲದ ನಡುವೆ ಈ ಗಿಡವು ನಿಲ್ಲದು. ಹೊಲಗಳ ನಡುವೆ ಎದ್ದಿರುವ ಕರಿಗಲ್ಲಿನ ಬೋರೆಗಳಲ್ಲಿ, ಬದುವಿನ ಗರಸಿನಲ್ಲಿ ನಿಲ್ಲುವುದು. ಔರಾದದ ಕಡೆಗೆ ಹೋದಂತೆ, ಮಾಂಜ್ರಾ ನದಿಯ ಕಡೆಗೆ ಇಳಿಯುವ ಕಲ್ಲುಗುಡ್ಡಗಳಲ್ಲಿ, ತಂಗಡಿಯ ಗಿಡಗಳ ಮತ್ತು ಬಾರಿಯ ಕಂಟಿಗಳ ನಡುವೆ ದನಕುರಿಗಳು ಮೇದು ಬಿಟ್ಟ ಬೋಳು ಜಾಗದಲ್ಲಿಯೂ ಇದನ್ನು ಕಾಣಬಹುದು. ಕುರಿಯ ಹಲ್ಲಿಗೆ ಸಿಕ್ಕದಷ್ಟು ತಗ್ಗಾಗಿ ಬೆಳೆಯುವುದೇ ಇದಕ್ಕೆ ರಕ್ಷೆ. ಕಾಂಗ್ರೆಸ್ ಕಸವು ಎದೆಯೆತ್ತರಕ್ಕೆ ಬೆಳೆದು ನೆರಳು ಮಾಡಿದ ಸ್ಥಳಗಳಲ್ಲಿ ಮಾತ್ರ ಇದು ಕಾಣುವುದಿಲ್ಲ. ಬಿಸಿಲಿಲ್ಲದೆ ಇದು ಬಾಳದು.

ಇನ್ನು ಗಿಡದ ಸ್ವರೂಪ. ನೆಲದೊಳಗೆ ಕಟ್ಟಿಗೆಯಂತೆ ಗಟ್ಟಿಯಾದ ಒಂದು ಸಣ್ಣ ಬೇರುಗಡ್ಡೆ. ಅದರಿಂದ ತಂತಿಯಂತಹ ತೆಳುವಾದ ಅನೇಕ ಕಡ್ಡಿಗಳು ಸುತ್ತಲೂ ಹೊರಟು, ಕೆಲವು ನೆಲದ ಮೇಲೆ ಮಲಗಿ, ಕೆಲವು ತುದಿಯೆತ್ತಿ ನಿಲ್ಲುತ್ತವೆ. ಕಡ್ಡಿಯ ಮೇಲೆಯೂ ಎಲೆಯ ಮೇಲೆಯೂ ರೇಷ್ಮೆಯಂತಹ ಉದ್ದ ರೋಮಗಳಿರುವುದರಿಂದ ಇಡೀ ಗಿಡವು ಇಬ್ಬನಿ ಬಿದ್ದಂತೆ ಬೂದುಬಣ್ಣವಾಗಿ ತೋರುವುದು. ಎಲೆಗಳು ಕಡ್ಡಿಯ ಮೇಲೆ ಒಂದಾದ ಮೇಲೊಂದು ಪರ್ಯಾಯವಾಗಿ ಇರುತ್ತವೆಯೇ ಹೊರತು ಎದುರುಬದುರಾಗಿ ಇರುವುದಿಲ್ಲ. ಒಂದೊಂದು ಎಲೆಯೂ ಒಂದು ಅಂಗುಲದೊಳಗೆ, ತೊಟ್ಟು ಇಲ್ಲವೆಂಬಷ್ಟು ಚಿಕ್ಕದು, ತುದಿಯಲ್ಲಿ ಒಂದು ಸಣ್ಣ ಮೊನೆ. ಎಲೆಯ ಬಗಲಿನಿಂದ ನೂಲಿನಂತಹ ಒಂದು ಉದ್ದ ತೊಟ್ಟು ಹೊರಟು ಅದರ ತುದಿಗೆ ಒಂದು ಹೂವು, ಕೆಲವು ಸಲ ಎರಡು ಮೂರು. ದಳಗಳು ಐದೂ ಕೂಡಿ ಒಂದೇ ತಟ್ಟೆಯಾಗಿ ಚಪ್ಪಟೆಯಾಗಿ ಹರಡುವುವು. ಕೊಳವೆಯೆಂಬುದು ಹೆಸರಿಗೆ ಮಾತ್ರ. ಬಣ್ಣವು ತಿಳಿನೀಲಿ, ಅಪೂರ್ವವಾಗಿ ಬಿಳಿ. ಕೇಸರಗಳು ಐದು. ಬೆಳಿಗ್ಗೆ ಅರಳಿದ ಹೂವು ಬಿಸಿಲು ನೆತ್ತಿಗೆ ಬಂದ ಮೇಲೆ ಮುದುಡುವುದು. ಹೂವು ಉದುರಿದ ಮೇಲೆ ತೊಟ್ಟು ಕೆಳಕ್ಕೆ ಬಾಗಿ, ಕಾಳುಮೆಣಸಿಗಿಂತ ಚಿಕ್ಕದಾದ ದುಂಡು ಕಾಯಿ ಒಣಗಿ ನಾಲ್ಕಾಗಿ ಬಿರಿಯುತ್ತದೆ. ಒಳಗೆ ಹೆಚ್ಚೆಂದರೆ ನಾಲ್ಕು ಬೀಜಗಳು.

ಇಂದಿನ ಸಸ್ಯಶಾಸ್ತ್ರಜ್ಞರು ಈ ಗಿಡವನ್ನು ಎವಾಲ್ವ್ಯುಲಸ್ ಆಲ್ಸಿನಾಯ್ಡೀಸ್ ಎಂದು ಕರೆಯುತ್ತಾರೆ. ಸ್ವೀಡನ್ ದೇಶದ ಲಿನೇಯಸ್ಸನು ೧೭೫೩ರಲ್ಲಿ ಇದನ್ನು ಕನ್ವಾಲ್ವ್ಯುಲಸ್ ಕುಲಕ್ಕೆ ಸೇರಿಸಿದ್ದನು. ೧೭೬೨ರಲ್ಲಿ ತಾನೇ ತಿದ್ದಿಕೊಂಡು ಬೇರೆ ಕುಲವನ್ನು ಮಾಡಿದನು. ಮೊದಲಿನ ಕುಲದ ಹೆಸರಿಗೆ ಸುತ್ತಿಕೊಳ್ಳುವುದು ಎಂದೂ ಎರಡನೆಯದಕ್ಕೆ ಸುತ್ತು ಬಿಚ್ಚಿಕೊಳ್ಳುವುದು ಎಂದೂ ಲ್ಯಾಟಿನ್ ಭಾಷೆಯಲ್ಲಿ ಅರ್ಥ. ನಮ್ಮ ಗಿಡವು ಯಾವುದನ್ನೂ ಸುತ್ತಿ ಹಬ್ಬುವುದಿಲ್ಲವೆಂಬುದು ಆ ಹೆಸರಿನಲ್ಲಿಯೇ ಹೇಳಲ್ಪಟ್ಟಿದೆ. ವಾಚಕರು ಈ ಲಕ್ಷಣವನ್ನು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಕೋಶಗಳ ಕಡೆಗೆ ಬರೋಣ. ಅಮರಸಿಂಹನು ವನೌಷಧಿವರ್ಗದಲ್ಲಿ ಆಸ್ಫೋಟಾ, ಗಿರಿಕರ್ಣೀ, ವಿಷ್ಣುಕ್ರಾಂತಾ, ಅಪರಾಜಿತಾ ಎಂಬ ನಾಲ್ಕು ಶಬ್ದಗಳನ್ನು ಒಂದೇ ಗಿಡಕ್ಕೆ ಪರ್ಯಾಯಗಳಾಗಿ ಹೇಳಿರುತ್ತಾನೆ. ಗಿರಿಕರ್ಣಿಯೆಂದರೆ ಯಾವುದೆಂಬುದರಲ್ಲಿ ಸಂದೇಹವಿಲ್ಲ. ಬೇಲಿಗೆ ಹಬ್ಬುವ, ಐದರಿಂದ ಏಳು ಕಿರುಎಲೆಗಳುಳ್ಳ, ಚಿಟ್ಟೆಯಾಕಾರದ ದೊಡ್ಡ ನೀಲಿ ಇಲ್ಲವೆ ಬಿಳಿ ಹೂವುಳ್ಳ, ಅವರೆಯಂತೆ ಚಪ್ಪಟೆಯಾದ ಕಾಯಿ ಬಿಡುವ ಬಳ್ಳಿಯದು. ಕನ್ನಡಿಗರು ಅದನ್ನು ಶಂಖಪುಷ್ಪವೆನ್ನುವರು, ಬಂಗಾಳಿಗಳು ಅಪರಾಜಿತಾ ಎನ್ನುವರು. ಶಾಸ್ತ್ರೀಯವಾದ ಹೆಸರು ಕ್ಲಿಟೋರಿಯಾ ಟರ್ನೇಟಿಯಾ. ಟರ್ನಾಟೆಯೆಂಬುದು ಇಂಡೊನೇಷ್ಯದ ಒಂದು ದ್ವೀಪ. ಅಮರನ ಮಾತನ್ನು ಹಾಗೆಯೇ ಹಿಡಿದರೆ ವಿಷ್ಣುಕ್ರಾಂತೆಯೆಂಬುದು ಈ ಬೇಲಿಯ ಬಳ್ಳಿಯೇ ಆಗಬೇಕು.

ಈ ಲೇಖಕನು ಹಾಗೆಯೇ ಹಿಡಿದಿದ್ದನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದು ಯುಕ್ತ. ಪಾಠಶಾಲೆಯಲ್ಲಿ ಎಂಟನೆಯ ವಯಸ್ಸಿಗೆ ಅಮರವನ್ನು ಕಂಠಪಾಠ ಮಾಡಿದವನಿಗೆ ಗಿಡವನ್ನು ನೋಡುವುದಕ್ಕೆ ಮುಂಚೆಯೇ ಹೆಸರು ಗೊತ್ತಿರುತ್ತದೆ. ಅದೇ ಒಂದು ಅಪಾಯ. ಅನೇಕ ವರ್ಷಗಳ ಕಾಲ ನಾನು ಚೌತಿಯ ದಿನ ಶಂಖಪುಷ್ಪದ ಬಳ್ಳಿಯ ಎಲೆಯನ್ನೇ ವಿಷ್ಣುಕ್ರಾಂತಪತ್ರವೆಂದು ಕೊಟ್ಟೆನು, ಕೊಡಿಸಿದೆನು, ಕೇಳಿದವರಿಗೆ ಅಮರನ ಪ್ರಮಾಣವನ್ನೂ ಹೇಳಿದೆನು. ಒಂದು ವರ್ಷ ಬೀದರದ ಪೇಟೆಯಲ್ಲಿ ಪತ್ರಿ ಮಾರಲು ಔರಾದದ ಕಡೆಯಿಂದ ಬಂದಿದ್ದ ಒಬ್ಬ ಮುದುಕಿಯ ಬುಟ್ಟಿಯಲ್ಲಿ ಬೂದುಬಣ್ಣದ ಈ ನೆಲದ ಗಿಡದ ಕಟ್ಟನ್ನು ಕಂಡು, ಇದೇನು ತಾಯಿ ಎಂದು ಕೇಳಿದೆನು. ವಿಷ್ಣುಕಾಂತಿ ಎಂದಳು. ಅದು ಬೇಲಿಯ ಬಳ್ಳಿಯಲ್ಲವೆ ಎಂದುದಕ್ಕೆ, “ಬಳ್ಳಿಗಿ ಹಂಗ ಅನ್ನಂಗಿಲ್ರಿ ಅಪ್ಪಾರ, ನೆಲಕ್ ಹತ್ಕೊಂಡು ಇರ್ತದಲ್ರಿ, ದೇವರು ತುಳದದ್ದು, ಅದೇ ವಿಷ್ಣುಕಾಂತಿ” ಎಂದು ಹೇಳಿ ಮುಂದಿನ ಗಿರಾಕಿಯ ಕಡೆಗೆ ತಿರುಗಿದಳು.

ಮನೆಗೆ ಬರುವ ವರೆಗೂ ಆ ಮಾತು ನನ್ನನ್ನು ಬಿಡಲಿಲ್ಲ. ಏಕೆಂದರೆ ಅವಳು ಹೇಳಿದುದು ವ್ಯಾಕರಣವಾಗಿತ್ತು. ಕ್ರಾಂತಾ ಎಂಬುದು ಹೆಜ್ಜೆಯಿಡುವುದೆಂಬ ಅರ್ಥದ ಕ್ರಮು ಧಾತುವಿನಿಂದ ಹುಟ್ಟಿದ ಕರ್ಮಾರ್ಥದ ಕೃದಂತ. ವಿಷ್ಣುವಿನಿಂದ ತುಳಿಯಲ್ಪಟ್ಟವಳು ವಿಷ್ಣುಕ್ರಾಂತೆ. ತಲೆಯೆತ್ತರಕ್ಕೆ ಹಬ್ಬುವ ಬಳ್ಳಿಯನ್ನು ತುಳಿಯುವುದೆಂತು? ಹೆಜ್ಜೆ ಬೀಳುವ ನೆಲದ ಮೇಲೆಯೇ ಹರಡಿರುವ ಗಿಡಕ್ಕೆ ಆ ಹೆಸರು ಅನ್ವರ್ಥವಾಗುತ್ತದೆ. ಸಂಸ್ಕೃತದ ಆಕಾರಾಂತ ಶಬ್ದಗಳು ಕನ್ನಡದಲ್ಲಿ ಎಕಾರಾಂತಗಳಾಗುವ ಕ್ರಮದಂತೆ ಮಾಲಾ ಮಾಲೆಯಾದ ಹಾಗೆ ಇದು ವಿಷ್ಣುಕ್ರಾಂತೆಯಾಗಬೇಕಾಗಿತ್ತು. ಜನರು ಕ್ರಾಂತಿಯೆಂದರು, ಬಳಿಕ ರೇಫವನ್ನು ಬಿಟ್ಟು ಕಾಂತಿಯೆಂದರು. ವೈಯಾಕರಣನು ಇದನ್ನು ಅಪಭ್ರಂಶವೆನ್ನಬಹುದು. ಆದರೆ ತುಳಿದವನ ಹೆಜ್ಜೆಯು ಅವನ ಮೈಬಣ್ಣವಾಗಿ ಮಾರ್ಪಟ್ಟಿತೆಂದು ತಿಳಿದರೆ ನೀಲಿ ಹೂವಿಗೆ ಆ ಅಪಭ್ರಂಶವೂ ಒಪ್ಪುತ್ತದೆ.

ಇಲ್ಲಿ ಒಂದು ಪೂರ್ವಪಕ್ಷ ಬರುವುದು ಸಹಜ. ಅಮರನ ವಚನಕ್ಕಿಂತ ಪತ್ರಿ ಮಾರುವವಳ ಮಾತು ಪ್ರಮಾಣವಾಗಬಹುದೆ? ಇದಕ್ಕೆ ಉತ್ತರವನ್ನು ಶಾಸ್ತ್ರವೇ ಕೊಟ್ಟಿದೆ. ಚರಕಸಂಹಿತೆಯ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ, ಆಡು ಕಾಯುವವರೂ ಕುರಿ ಕಾಯುವವರೂ ದನ ಕಾಯುವವರೂ ಕಾಡಿನಲ್ಲಿ ಇರುವವರೂ ಔಷಧಿಗಳನ್ನು ಹೆಸರಿನಿಂದಲೂ ರೂಪದಿಂದಲೂ ಬಲ್ಲರೆಂದು ಹೇಳಿದೆ. ಸುಶ್ರುತನೂ ಗಿಡಮೂಲಿಕೆಗಳ ಗುರುತನ್ನು ಗೋಪಾಲರು, ತಪಸ್ವಿಗಳು, ಬೇಡರು ಮೊದಲಾದವರಿಂದ ತಿಳಿಯಬೇಕೆಂದಿದ್ದಾನೆ. ಹೆಸರು ರೂಪಗಳನ್ನು ಬಲ್ಲ ಮಾತ್ರಕ್ಕೆ ಪ್ರಯೋಗವನ್ನು ಬಲ್ಲನೆಂದಾಗುವುದಿಲ್ಲವೆಂಬ ಎಚ್ಚರಿಕೆಯನ್ನೂ ಚರಕನು ಅಲ್ಲಿಯೇ ಕೊಟ್ಟಿರುವುದನ್ನು ಮರೆಯಬಾರದು. ಗುರುತಿಗೆ ಮುದುಕಿ, ಪ್ರಯೋಗಕ್ಕೆ ವೈದ್ಯ; ಶಬ್ದಕ್ಕೆ ಮಾತ್ರ ಪಂಡಿತ. ಈ ಮೂವರೂ ತಮ್ಮ ತಮ್ಮ ಎಲ್ಲೆಯಲ್ಲಿದ್ದರೆ ಜಗಳವಿಲ್ಲ.

ಹಾಗಾದರೆ ಅಮರನು ತಪ್ಪಿದನೆ? ತಪ್ಪಿದನೆನ್ನುವುದು ಸಾಹಸವಾದೀತು. ಗಂಟು ಎಲ್ಲಿ ಬಿದ್ದಿದೆಯೆಂಬುದು ರಾಜನಿಘಂಟನ್ನು ನೋಡಿದರೆ ತಿಳಿಯುತ್ತದೆ. ನರಹರಿಪಂಡಿತನು ಆ ಗ್ರಂಥದ ಗುಡೂಚ್ಯಾದಿವರ್ಗದಲ್ಲಿ, ಅಂದರೆ ಬಳ್ಳಿಗಳ ನಡುವೆ, ಗಿರಿಕರ್ಣಿಯನ್ನು ಹೇಳಿ ಅದಕ್ಕೆ ಅಪರಾಜಿತಾ ಎಂಬುದನ್ನು ಪರ್ಯಾಯವಾಗಿ ಕೊಟ್ಟನು. ಪರ್ಪಟಾದಿವರ್ಗದಲ್ಲಿ, ಅಂದರೆ ಸಣ್ಣ ಗಿಡಗಳ ನಡುವೆ, ವಿಷ್ಣುಕ್ರಾಂತೆಯನ್ನು ಬೇರೆಯಾಗಿ ಹೇಳಿ ಹರಿಕ್ರಾಂತಾ, ನೀಲಪುಷ್ಪಾ ಮೊದಲಾದ ಪರ್ಯಾಯಗಳೊಡನೆ ಅದಕ್ಕೂ ಅಪರಾಜಿತಾ ಎಂಬ ಹೆಸರನ್ನೇ ಕೊಟ್ಟನು. ಗಿಡಗಳು ಎರಡು, ನಡುವೆ ಒಂದು ಹೆಸರು ಎರಡಕ್ಕೂ ಸೇತುವೆಯಾಗಿದೆ. ಇಬ್ಬರು ಸ್ನೇಹಿತರಿಗೆ ಒಬ್ಬನೇ ನೆಂಟನಿದ್ದ ಮಾತ್ರಕ್ಕೆ ಆ ಇಬ್ಬರೂ ಒಬ್ಬನೇ ಆಗುವುದಿಲ್ಲ. ಆದರೆ ಪರ್ಯಾಯಗಳನ್ನು ಒಂದೇ ಸಾಲಿನಲ್ಲಿ ಪೋಣಿಸುವ ಕೋಶದಲ್ಲಿ ಆಗುವುದು ಇದೇ. ಸಣ್ಣ ಗಿಡಗಳ ವರ್ಗದಲ್ಲಿ, ನೀಲಪುಷ್ಪಾ ಎಂಬ ಹೆಸರಿನೊಡನೆ ಇಟ್ಟಿರುವ ವಿಷ್ಣುಕ್ರಾಂತೆಯು ನಮ್ಮ ಗರಸುನೆಲದ ಗಿಡವೆಂದು ಹೇಳುವುದಕ್ಕೆ ನನಗೆ ಈಗ ಸಂಕೋಚವಿಲ್ಲ.

ದೇಶಭಾಷೆಗಳ ಸಾಕ್ಷ್ಯವೂ ಇದಕ್ಕೆ ಬೆಂಬಲವಾಗಿದೆ. ತಮಿಳರು, ಮಲೆಯಾಳಿಗಳು, ತೆಲುಗರು, ಕನ್ನಡಿಗರು, ಈ ನಾಲ್ವರೂ ಈ ನೆಲದ ಗಿಡವನ್ನೇ ವಿಷ್ಣುಕ್ರಾಂತಿ ಇಲ್ಲವೆ ಅದಕ್ಕೆ ಹತ್ತಿರವಾದ ರೂಪದಿಂದ ಕರೆಯುತ್ತಾರೆ. ಕೇರಳದ ದಶಪುಷ್ಪಗಳಲ್ಲಿ ವಿಷ್ಣುಕ್ರಾಂತಿಯೆಂದು ಎಣಿಸುವುದು ಇದನ್ನೇ. ಕೊಚ್ಚಿಯ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡೆಯು ಮಲೆಯಾಳದ ವೈದ್ಯರನ್ನು ಕೇಳಿ ಮಾಡಿಸಿದ, ೧೬೭೮ರಿಂದ ೧೬೯೩ರ ವರೆಗೆ ಹನ್ನೆರಡು ಸಂಪುಟಗಳಾಗಿ ಹೊರಬಂದ ಹಾರ್ಟಸ್ ಮಲಬಾರಿಕಸ್ ಎಂಬ ಗ್ರಂಥದಲ್ಲಿ ಈ ಗಿಡದ ಚಿತ್ರವು ವಿಷ್ಣುಕ್ಲಾಂದಿ ಎಂಬ ಹೆಸರಿನಿಂದ ಇದೆ. ಡಚ್ಚರ ಕಿವಿಗೆ ಕೇಳಿಸಿದ ವಿಷ್ಣುಕ್ರಾಂತಿಯೇ ಅದು. ಮುನ್ನೂರು ವರ್ಷಗಳ ಹಿಂದೆಯೇ ಹೆಸರೂ ರೂಪವೂ ಒಂದೇ ಹಾಳೆಯ ಮೇಲೆ ಕೂಡಿದ ಇಂತಹ ಸಾಕ್ಷ್ಯವು ನಮ್ಮ ಎಷ್ಟೋ ಗಿಡಗಳಿಗೆ ಇಲ್ಲ.

ಇನ್ನು ಶಂಖಪುಷ್ಪಿಯ ವಿಚಾರ. ಗೊಂದಲವು ನಿಜವಾಗಿ ನೋವುಂಟುಮಾಡುವುದು ಇಲ್ಲಿ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ರಸಾಯನಾಧ್ಯಾಯದಲ್ಲಿ ಮಂಡೂಕಪರ್ಣಿಯ ರಸ, ಯಷ್ಟಿಮಧುವಿನ ಚೂರ್ಣ, ಗುಡೂಚಿಯ ರಸ, ಶಂಖಪುಷ್ಪಿಯ ಕಲ್ಕ ಎಂಬ ನಾಲ್ಕನ್ನು ಮೇಧ್ಯರಸಾಯನಗಳೆಂದು ಹೇಳಿ, ಇವುಗಳಲ್ಲಿ ಶಂಖಪುಷ್ಪಿಯು ವಿಶೇಷವಾಗಿ ಮೇಧ್ಯವೆಂದು ಎತ್ತಿ ಹೇಳಿದೆ. ಗಿಡದ ರೂಪವನ್ನು ಅಲ್ಲಿ ವರ್ಣಿಸಿಲ್ಲ. ಇದರಿಂದಾಗಿ ಇಂದು ಈ ಒಂದು ಹೆಸರಿನ ಮೇಲೆ ನಾಲ್ಕು ಗಿಡಗಳು ಹಕ್ಕು ಹೇಳುತ್ತಿವೆ. ಕೇರಳದಲ್ಲಿ ಶಂಖಪುಷ್ಪವೆಂದರೆ ಬೇಲಿಯ ಬಳ್ಳಿ. ಬಂಗಾಳದ ವೈದ್ಯರಲ್ಲಿ ಶಂಖಪುಷ್ಪಿಯೆಂದರೆ ಕ್ಯಾನ್‌ಸ್ಕೋರಾ ಡಿಕಸೇಟಾ ಎಂಬ ನೆಟ್ಟಗೆ ನಿಲ್ಲುವ ಬಿಳಿಹೂವಿನ ಗಿಡ. ಭಾರತ ಸರಕಾರದ ಆಯುರ್ವೇದ ಔಷಧಕೋಶವು ಶಂಖಪುಷ್ಪಿಯೆಂದು ಅಂಗೀಕರಿಸಿರುವುದು ಕನ್ವಾಲ್ವ್ಯುಲಸ್ ಪ್ಲೂರಿಕಾಲಿಸ್ ಎಂಬುದನ್ನು. ಇತ್ತೀಚಿನ ಸಸ್ಯಜ್ಞರು ಅದನ್ನು ಕನ್ವಾಲ್ವ್ಯುಲಸ್ ಪ್ರಾಸ್ಟ್ರೇಟಸ್ಸಿನಲ್ಲಿ ಅಡಗಿಸುತ್ತಾರೆ. ನಾಲ್ಕನೆಯದು ನಮ್ಮ ವಿಷ್ಣುಕ್ರಾಂತಿ. ಬೀದರವು ಕನ್ನಡ, ಮರಾಠಿ, ತೆಲುಗುಗಳು ಕೂಡುವ ಸ್ಥಳವಾಗಿ, ಉರ್ದುವಿನಲ್ಲಿ ಬರೆದ ಯುನಾನಿ ಹಕೀಮರ ಪರಂಪರೆಯೂ ಇಲ್ಲಿ ಇದ್ದುದರಿಂದ ಅವರ ಸಂಖಾಹೂಲಿಯೂ ಇದರೊಡನೆ ಸೇರಿತು. ಒಂದೇ ಸಂತೆಯಲ್ಲಿ ಮೂರು ಭಾಷೆಯವರು ಒಂದೇ ಹೆಸರನ್ನು ಹೇಳಿ ಮೂರು ಗಿಡಗಳನ್ನು ಪಡೆಯುವ ಸಂಭವವುಂಟು.

ಇದು ಕಲ್ಪನೆಯಲ್ಲ. ಕೆಲವು ವರ್ಷಗಳ ಹಿಂದೆ ಭಾಲ್ಕಿಯಲ್ಲಿ ಪರಿಚಿತರಾದ ಒಬ್ಬ ವೈದ್ಯರು ತಮಗೆ ಬಂದ ಒಂದು ಚೀಲ ಒಣ ಶಂಖಪುಷ್ಪಿಯನ್ನು ತೋರಿಸಿ, ಶಾಸ್ತ್ರಸಮ್ಮತವೆಂದು ನೀವೊಂದು ಮಾತು ಹೇಳಿರೆಂದು ಕೇಳಿದರು. ಚೀಲದ ಒಂದು ಪಾಲು ಹತ್ತಿರದ ಬೋರೆಗಳಿಂದಲೂ ಇನ್ನೊಂದು ಪಾಲು ಗಡಿಯಾಚೆಯಿಂದಲೂ ಬಂದಿತ್ತು. ಶಂಖದಂತಹ ಹೂವುಳ್ಳದ್ದು ಶಂಖಪುಷ್ಪಿಯೆಂದು ವಿಗ್ರಹವಾಕ್ಯವನ್ನು ಹೇಳಿ ನಾನು ಆಗಲೇ ತಲೆಯಾಡಿಸಿದ್ದೆನು. ಚೀಲವನ್ನು ಹಾಸಿದ ಬಟ್ಟೆಯ ಮೇಲೆ ಸುರಿದಾಗ ಒಂದು ಎಳೆಯಲ್ಲಿ ಚಪ್ಪಟೆ ಕಾಯಿ ಕಣ್ಣಿಗೆ ಬಿದ್ದಿತು. ನೆಲದ ಗಿಡಕ್ಕೆ ಅವರೆಯಂತಹ ಕಾಯಿ ಎಲ್ಲಿಂದ ಬರಬೇಕು? ಅಲ್ಲಿಂದ ಆರಿಸಲು ಕುಳಿತೆವು. ಬಳ್ಳಿಯ ತುಂಡುಗಳು ಸುಲಭವಾಗಿ ಬೇರೆಯಾದುವು. ಉಳಿದ ರಾಶಿಯೆಲ್ಲ ಬೂದುಬಣ್ಣದ, ರೋಮವುಳ್ಳ, ತೆಳು ಕಡ್ಡಿಯ ಗಿಡವೇ ಆಗಿ, ನೋಡುವುದಕ್ಕೆ ಒಂದೇ ಎಂಬಂತಿತ್ತು.

ವೈದ್ಯರು ಒಣಗಿದ ಹೂವುಗಳನ್ನು ಬಿಸಿನೀರಿನ ಬಟ್ಟಲಿನಲ್ಲಿ ಹಾಕಿಸಿದರು. ಕಾಲುಗಂಟೆಯಲ್ಲಿ ಅವು ನೆನೆದು ಮೆತ್ತಗಾದುವು. ಸೂಜಿಯಿಂದ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದೆವು. ಕೆಲವು ಹೂವುಗಳಲ್ಲಿ ಅಂಡಾಶಯದ ತಲೆಯಿಂದ ಎರಡು ಶಲಾಕೆಗಳು ಹೊರಟು ಒಂದೊಂದೂ ಮತ್ತೆ ಎರಡಾಗಿ ಸೀಳಿ ಕೊನೆಗೆ ನಾಲ್ಕು ನೂಲುಗಳಾಗಿದ್ದುವು. ಬೇರೆ ಕೆಲವುಗಳಲ್ಲಿ ಶಲಾಕೆ ಒಂದೇ; ಅದರ ತುದಿಯು ಮಾತ್ರ ಎರಡಾಗಿತ್ತು. ನಾಲ್ಕು ತುದಿಯದು ವಿಷ್ಣುಕ್ರಾಂತಿ, ಎರಡು ತುದಿಯದು ಕನ್ವಾಲ್ವ್ಯುಲಸ್. ಲಿನೇಯಸ್ಸನ ಶಾಸ್ತ್ರದಲ್ಲಿ ಈ ಎರಡು ಕುಲಗಳನ್ನು ಬೇರ್ಪಡಿಸುವ ಗೆರೆಯು ಇದೇ. ಅಂಗೈಯಗಲದ ಬಟ್ಟಲಿನಲ್ಲಿ, ಒಂದೇ ಹೆಸರಿನ ಕೆಳಗೆ ಬಂದ ಗಿಡಗಳು ಮೂರಾದುವು. ನಾನು ಆಡಲಿದ್ದ ಮಾತು ಗಂಟಲಿನಲ್ಲಿಯೇ ಉಳಿಯಿತು. ವೈದ್ಯರು ಆ ಚೀಲವನ್ನು ಪ್ರಯೋಗಕ್ಕೆ ತೆಗೆದುಕೊಳ್ಳಲಿಲ್ಲ. ಅವು ಯಾವುವೂ ವಿಷವಲ್ಲವೆಂದು ಸಮಾಧಾನ ಹೇಳುವವರುಂಟು. ಆದರೆ ರೋಗಿಗೆ ಕೊಟ್ಟುದು ಯಾವುದೆಂದು ವೈದ್ಯನಿಗೇ ತಿಳಿಯದಿದ್ದರೆ ಗುಣವಾದರೂ ಆಗದಿದ್ದರೂ ಅವನು ಕಲಿಯುವುದೇನು?

ಶಂಖಪುಷ್ಪಿಯೆಂಬ ಹೆಸರು ಯಾವುದಕ್ಕೆ ಸಲ್ಲಬೇಕೆಂಬುದರಲ್ಲಿ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಶಂಖದೊಡನೆ ಹೋಲಿಸುವುದಾದರೆ ಬಣ್ಣದಲ್ಲಿಯೋ ಆಕಾರದಲ್ಲಿಯೋ ಹೋಲಿಕೆಯಿರಬೇಕು. ಕನ್ವಾಲ್ವ್ಯುಲಸ್ಸಿನ ಹೂವು ಬಿಳಿ ಅಥವಾ ನಸುಗೆಂಪು, ಆಕಾರವು ಆಲಿಕೆಯಂತೆ ಒಂದು ಕಡೆ ಕಿರಿದು ಇನ್ನೊಂದು ಕಡೆ ಅಗಲ. ಹೋಲಿಕೆ ಎರಡು ರೀತಿಯಿಂದಲೂ ಒಪ್ಪುತ್ತದೆ. ವಿಷ್ಣುಕ್ರಾಂತಿಯ ಹೂವು ನೀಲಿ, ತಟ್ಟೆಯಂತೆ ಚಪ್ಪಟೆ. ಶಂಖವು ಎಲ್ಲಿಂದ ಬರಬೇಕು? ಆದುದರಿಂದ ಔಷಧಕೋಶದ ನಿರ್ಣಯವು ಶಬ್ದಾರ್ಥಕ್ಕೂ ವಿರುದ್ಧವಲ್ಲ. ವಿಷ್ಣುಕ್ರಾಂತಿಗೆ ಅದರದೇ ಆದ ಹೆಸರೂ ಅದರದೇ ಆದ ಉಪಯೋಗಗಳೂ ಇರುವಾಗ ಇನ್ನೊಬ್ಬರ ಹೆಸರಿನಿಂದ ಅದನ್ನು ಮಾರುವುದೇಕೆ?

ಗುಡ್ಡದಲ್ಲಿ ಹುಡುಕುವವರು ಬೇರೆ ಕೆಲವು ಹೂವುಗಳ ವಿಷಯದಲ್ಲಿಯೂ ಎಚ್ಚರವಾಗಿರಬೇಕು. ಮಳೆಗಾಲದಲ್ಲಿ ಬದುಗಳ ಮೇಲೆ ಬೆಳೆಯುವ ಕಾಮೆಲೈನಾ ಜಾತಿಯ ನೀಲಿ ಹೂವನ್ನು ಶಾಲೆಯ ಹುಡುಗರು ವಿಷ್ಣುಕ್ರಾಂತಿಯೆಂದು ತಂದು ಕೊಟ್ಟುದುಂಟು. ಅದರಲ್ಲಿ ಎದ್ದು ಕಾಣುವ ದಳಗಳು ಎರಡೇ, ಎಲೆಯ ಬುಡವು ಕಡ್ಡಿಯನ್ನು ಚೀಲದಂತೆ ಅಪ್ಪಿರುತ್ತದೆ, ರಸಭರಿತವಾದ ಕಡ್ಡಿ ಬೆರಳಿಗೆ ಮುರಿಯುತ್ತದೆ. ಬಂಗಾಳದವರ ಕ್ಯಾನ್‌ಸ್ಕೋರಾವಾದರೆ ಎಲೆಗಳು ಎದುರುಬದುರು, ಕಡ್ಡಿಯು ನಾಲ್ಕು ಮೂಲೆಯಾಗಿ ಮೂಲೆಗಳಲ್ಲಿ ತೆಳು ರೆಕ್ಕೆಗಳು. ಕಣ್ಣು ಮುಚ್ಚಿ ಬೆರಳಲ್ಲಿ ಹೊರಳಿಸಿದರೂ ಗೊತ್ತಾಗುತ್ತದೆ. ಹುಲ್ಲುಹಾಸುಗಳಲ್ಲಿ ಈಚೆಗೆ ಹರಡಿರುವ ಎವಾಲ್ವ್ಯುಲಸ್ ನಮ್ಮ್ಯುಲಾರಿಯಸ್ ಎಂಬುದು ವಿಷ್ಣುಕ್ರಾಂತಿಯ ಸೋದರವೇ ಸರಿ. ಆದರೆ ಅದು ಅಮೆರಿಕದಿಂದ ಬಂದುದು, ಎಲೆ ನಾಣ್ಯದಂತೆ ದುಂಡು, ಹೂವು ಬಿಳಿ, ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ನಮ್ಮ ಗಿಡವು ಎಷ್ಟೇ ನೆಲಕ್ಕೆ ಒರಗಿದರೂ ಗೆಣ್ಣಿನಲ್ಲಿ ಬೇರು ಬಿಡದು.

ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದು ನರ್ಸರಿಗಳಲ್ಲಿ ಕುಂಡದಲ್ಲಿ ಮಾರುವ ಬ್ಲೂ ಡೇಜ಼್ ಎಂಬ ಗಿಡ. ಅದನ್ನೂ ವಿಷ್ಣುಕ್ರಾಂತಿಯೆಂದೇ ಹೇಳಿ ಕೊಡುತ್ತಾರೆ. ಚೌತಿಯ ಪೂಜೆಗೆ ಮನೆಯಂಗಳದಲ್ಲಿಯೇ ಎಲೆ ಸಿಕ್ಕಿತೆಂದು ಗೃಹಸ್ಥರು ಸಂತೋಷಪಡುತ್ತಾರೆ. ಅದು ಎವಾಲ್ವ್ಯುಲಸ್ ಗ್ಲಾಮರೇಟಸ್, ಬ್ರೆಜಿಲ್ ಮೊದಲಾದ ದಕ್ಷಿಣ ಅಮೆರಿಕದ ನಾಡುಗಳದು. ಹೂವು ನಮ್ಮದಕ್ಕಿಂತ ಎರಡರಷ್ಟು ದೊಡ್ಡದು, ಬಣ್ಣ ಗಾಢ, ಕಡ್ಡಿಯ ತುದಿಯಲ್ಲಿ ಗೊಂಚಲಾಗಿ ನೆರೆದಿರುತ್ತವೆ. ನಮ್ಮದರಂತೆ ಎಲೆಯ ಬಗಲಿನಿಂದ ನೂಲಿನ ತೊಟ್ಟಿನ ಮೇಲೆ ಒಂಟಿಯಾಗಿ ನಿಲ್ಲುವುದಿಲ್ಲ. ಅದರಲ್ಲಿಯೂ ಶಲಾಕೆಯ ತುದಿಗಳು ನಾಲ್ಕೇ ಆದುದರಿಂದ ಭಾಲ್ಕಿಯ ಬಟ್ಟಲಿನ ಪರೀಕ್ಷೆಯೊಂದೇ ಇಲ್ಲಿ ಸಾಲದು. ಹೂವಿನ ಅಳತೆಯನ್ನೂ ನೆಲೆಯನ್ನೂ ನೋಡಬೇಕು. ಈ ಕುಲದಲ್ಲಿ ಸುಮಾರು ನೂರು ಜಾತಿಗಳಿದ್ದು ಅವು ಬಹುಪಾಲು ಅಮೆರಿಕ ಖಂಡದವೇ. ಅವುಗಳಲ್ಲಿ ಈ ಒಂದು ಜಾತಿಯು ಮಾತ್ರ ಆಫ್ರಿಕ, ಏಷ್ಯಗಳ ಉಷ್ಣದೇಶಗಳಲ್ಲೆಲ್ಲ ಹಿಂದಿನಿಂದಲೂ ತಾನಾಗಿ ಬೆಳೆಯುತ್ತ ಬಂದಿದೆ. ಕೈದೂರವಾಣಿಯ ಚಿತ್ರದಿಂದ ಗಿಡದ ಹೆಸರು ಹೇಳುವ ಯಂತ್ರಗಳನ್ನು ಈಗ ಹುಡುಗರು ಉಪಯೋಗಿಸುತ್ತಾರೆ. ಅವು ಕುಲವನ್ನು ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತವೆ; ಆದರೆ ಹೂವಿನ ಪಕ್ಕದಲ್ಲಿ ಒಂದು ನಾಣ್ಯವನ್ನೋ ಬೆರಳನ್ನೋ ಇಟ್ಟು ಚಿತ್ರ ತೆಗೆಯದಿದ್ದರೆ ಕುಂಡದ ಹೂವಿಗೂ ಗುಡ್ಡದ ಹೂವಿಗೂ ಭೇದವನ್ನು ಹೇಳುವುದು ಅವಕ್ಕೂ ಕಷ್ಟ.

ಹೂವಿಲ್ಲದ ಕಾಲದಲ್ಲಿ ಪತ್ರಿಗಾಗಿ ಹುಡುಕುವವರು ರೋಮವನ್ನೂ, ಎಲೆಯ ತುದಿಯ ಮೊನೆಯನ್ನೂ, ಕಟ್ಟಿಗೆಯಂತಹ ಬೇರುಗಡ್ಡೆಯನ್ನೂ ನೋಡತಕ್ಕದ್ದು. ಕನ್ವಾಲ್ವ್ಯುಲಸ್ಸಿನಿಂದ ಬೇರ್ಪಡಿಸುವುದಕ್ಕೆ ಮಾತ್ರ ಇವು ಸಾಲವು. ಅದಕ್ಕೆ ಹೂವೇ ಬೇಕು, ಇಲ್ಲವೆ ಹೂವು ಉದುರಿದ ಮೇಲೆ ಉಳಿಯುವ ಉದ್ದನೆಯ ನೂಲುತೊಟ್ಟಾದರೂ ಬೇಕು. ಕನ್ವಾಲ್ವ್ಯುಲಸ್ಸಿನ ಹೂವುಗಳು ಎಲೆಯ ಬಗಲಿಗೆ ಹತ್ತಿಕೊಂಡಂತೆ ಇರುತ್ತವೆ, ಇಂತಹ ನೂಲುತೊಟ್ಟು ಅವಕ್ಕಿಲ್ಲ. ಗಡ್ಡೆಯ ಗುರುತು ತಿಳಿಯಲು ಒಂದು ಗಿಡವನ್ನು ಕಿ‌ತ್ತರೆ ಸಾಕು. ಪೂಜೆಗೆ ಕಡ್ಡಿಯ ತುದಿಯನ್ನು ಚಿವುಟಿದರೆ ಅದು ಮತ್ತೆ ಚಿಗುರುತ್ತದೆ, ಗಡ್ಡೆಸಹಿತ ಕಿತ್ತರೆ ಮರುವರ್ಷ ಆ ಜಾಗದಲ್ಲಿ ಬರಿಯ ಗರಸು. ಔರಾದದ ಆ ಮುದುಕಿಯ ಕಟ್ಟಿನಲ್ಲಿದ್ದುದು ಚಿವುಟಿದ ತುದಿಗಳು, ಒಂದರಲ್ಲಿಯೂ ಬೇರಿರಲಿಲ್ಲವೆಂಬುದು ನನಗೆ ಈಗ ನೆನಪಿಗೆ ಬರುತ್ತದೆ.

ನೋಡಲಿಚ್ಛಿಸುವವರು ಶ್ರಾವಣದ ಕೊನೆಯಿಂದ ಆಶ್ವೀಜದ ವರೆಗೆ, ಹಿಂದಿನ ದಿನ ಮಳೆ ಬಂದು ಬೆಳಿಗ್ಗೆ ಬಿಸಿಲು ಬಿದ್ದಿರುವಾಗ, ಹತ್ತು ಗಂಟೆಯೊಳಗೆ ಹೋಗಬೇಕು. ಬೀದರದಲ್ಲಿ ಪಾಪನಾಶಕ್ಕೆ ಇಳಿಯುವ ದಾರಿಯ ಮೇಲಂಚು ಅನುಕೂಲವಾದ ಸ್ಥಳ. ನಿಂತು ಹುಡುಕಬೇಡಿರಿ, ಒಂದು ಕಡೆ ಕುಳಿತು, ಮೊದಲು ಬೂದುಬಣ್ಣದ ಎಲೆಯನ್ನು ಕಂಡುಕೊಂಡರೆ ಹೂವು ತಾನಾಗಿ ಕಾಣುವುದು.